ಚೂಟಿಯ ಏಳುನೂರ ನಲವತ್ತು

ನಾನು ಹೆದರುವ ಪೈಕಿಯವಳಲ್ಲ. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿಯಾದವಳು. ಹೆದರಿಸುವುದೇ ನನ್ನ ಕಸುಬಾಗಿತ್ತು ಎಂದು ಹಳೆಯ ವಿದ್ಯಾರ್ಥಿಗಳು ಈಗಲೂ ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ಮೂಗಿನ ತುದಿಯಲ್ಲೇ ಕೋಪ ಎನ್ನುತ್ತಾರೆ, ಅದೂ ಸುಳ್ಳಲ್ಲ. ಆದರೆ ಈ ವರ್ಷ ಕಾಲೇಜಿನ ಪ್ರವೇಶ ವಿಭಾಗದಲ್ಲಿ ಅರ್ಜಿ ಓದುವ ಕೆಲಸಕ್ಕೆ ಸೇರಿದ ಮೇಲೆ ನನಗೆ ಹತ್ತಿಕೊಂಡ ಹೆದರಿಕೆ ಎಂಥದ್ದೆಂದರೆ, ಫೋನು ರಿಂಗಾದರೂ ಎತ್ತದೆ ಕೂರುತ್ತಿದ್ದೆ.

ಕೆಲಸವೇನೋ ಸುಲಭದ್ದೇ. ನಾಲ್ಕು ತಿಂಗಳ ಹಂಗಾಮಿ ಕೆಲಸ. ನೂರು ಮಕ್ಕಳು ಅರ್ಜಿ ಹಾಕಿದರೆ ಐದು ಮಕ್ಕಳಿಗೂ ಸೀಟು ಸಿಗದ ಕಾಲೇಜು ಅದು. ಅಲ್ಲಿ ಒಂದೊಂದು ಅರ್ಜಿಯನ್ನೂ ಇಬ್ಬರು ಎದುರುಬದುರು ಕೂತು ಓದಬೇಕು. ಒಬ್ಬರ ಕೈಗೆ ಬರೀ ಸಂಖ್ಯೆಗಳು: ಮಗುವಿನ ಶಾಲೆ ಎಂಥದ್ದು, ತರಗತಿಯಲ್ಲಿ ಎಷ್ಟು ಅಂಕ, ದೊಡ್ಡ ಪರೀಕ್ಷೆಯಲ್ಲಿ ಎಷ್ಟು. ಇನ್ನೊಬ್ಬರ ಕೈಗೆ ಮಗು ಬರೆದ ಪ್ರಬಂಧ, ಮೇಷ್ಟರುಗಳ ಶಿಫಾರಸು. ಅವರವರ ಪಾಲಿನದನ್ನು ಅವರವರು ಗಟ್ಟಿಯಾಗಿ ಓದಿ ಹೇಳಬೇಕು, ಆಮೇಲೆ ಇಬ್ಬರೂ ಸೇರಿ 'ಮುಂದಕ್ಕೆ' ಅಥವಾ 'ಬೇಡ' ಎನ್ನಬೇಕು. ಗಣಿತದ ಟೀಚರ್ ಅಂತ ನನಗೆ ಸಂಖ್ಯೆಗಳು ಬಂದವು. ಪ್ರಬಂಧದ ಪಾಲು ಒಬ್ಬ ಕಿರಿಯ ಲೆಕ್ಚರರ್‌ದು; ಅವನ ಕನ್ನಡಕ ಅವನ ಮುಖಕ್ಕಿಂತ ದೊಡ್ಡದಾಗಿದ್ದರಿಂದ ಅವನನ್ನು ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು.

ದೊಡ್ಡ ಪರೀಕ್ಷೆ ಎಂದರೆ ಎಲ್ಲ ಊರಿನ, ಎಲ್ಲ ಶಾಲೆಯ ಮಕ್ಕಳೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಗೆ ಉತ್ತರ ಬರೆಯುವ ಪರೀಕ್ಷೆ. ಒಟ್ಟು ಸಾವಿರ ಅಂಕ. ನಮ್ಮ ಕಾಲೇಜು ಅದನ್ನು ಕಡ್ಡಾಯ ಮಾಡಿರಲಿಲ್ಲ; ಕಳಿಸುವುದು ಬಿಡುವುದು ನಿಮ್ಮಿಷ್ಟ ಎಂದಿತ್ತು. ಕಳಿಸಿರದ ಮಗುವಿನ ಅರ್ಜಿ ಬಂದಾಗ ಆ ಸಾಲಿನಲ್ಲಿ ನಾನು 'ಇಲ್ಲ' ಎಂದು ಓದಬೇಕಿತ್ತು. ಅಷ್ಟೇ.

ಸೇರುವ ದಿನ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಬಂಧುಬಳಗದಲ್ಲಿ ಯಾರಾದರೂ ಅರ್ಜಿ ಹಾಕಿದ್ದರೆ ಹೇಳಬೇಕು. ಆ ಅರ್ಜಿ ನನ್ನ ಮೇಜಿಗೆ ಬರುವುದಿಲ್ಲ. ಅವರೊಂದಿಗೆ ಅರ್ಜಿಯ ವಿಷಯ ಒಂದಕ್ಷರ ಮಾತಾಡುವಂತಿಲ್ಲ. ಮಾತಾಡಿ ಸಹಾಯ ಮಾಡಿದ್ದು ಗೊತ್ತಾದರೆ ಆ ಮಗುವಿನ ಅರ್ಜಿಯನ್ನೇ ತೆಗೆದುಹಾಕುತ್ತಾರೆ; ಮಕ್ಕಳು ತುಂಬುವ ಅರ್ಜಿಯಲ್ಲೂ ಅದೇ ನಿಯಮ ಅಚ್ಚಾಗಿತ್ತು. ಬಾಯಿ ಬಿಟ್ಟವಳು ನಾನು, ಶಿಕ್ಷೆ ಮಗುವಿಗೆ! ಯಾವ ಸೀಮೆಯ ನ್ಯಾಯ ಇದು ಎಂದು ಗೊಣಗಿಕೊಂಡೇ ಸಹಿ ಹಾಕಿದೆ. 'ತಮ್ಮನ ಮಗಳು ಅರ್ಜಿ ಹಾಕಿದ್ದಾಳೆ' ಎಂದೂ ಬರೆದುಕೊಟ್ಟೆ.

ಅವಳೇ ಚೂಟಿ. ನನಗೆ ಮಕ್ಕಳಿಲ್ಲ. ಇರುವವಳು ಅವಳೊಬ್ಬಳೇ. ಅವಳಪ್ಪ, ಎಂದರೆ ನನ್ನ ತಮ್ಮ, ಲಿಫ್ಟ್ ಮೆಕ್ಯಾನಿಕ್. ಗಾಜಿನ ಕಾರ್ಖಾನೆಯ ಹಿಂದಿನ ಶಾಲೆಯಲ್ಲಿ ಅವಳ ಓದು. ಆ ಶಾಲೆಯ ಮಕ್ಕಳು ಹೆಚ್ಚಿನವರು ಮುಂದೆ ಅದೇ ಕಾರ್ಖಾನೆಯ ಗೇಟು ಹೊಗುತ್ತಾರೆ. ಚೂಟಿ ಹಾಗಲ್ಲ. ಆರನೇ ಕ್ಲಾಸಿನಲ್ಲಿದ್ದಾಗಲೇ ನಾನು ಮನೆಯಲ್ಲಿ ಬೋರ್ಡಿನ ಮೇಲೆ ಮಾಡಿದ ತಪ್ಪು ಹಿಡಿದು, 'ಅತ್ತೆ, ಇಲ್ಲೊಂದು ಮೈನಸ್ ತಿಂದ್ಬಿಟ್ರಿ' ಅಂದವಳು. ಆ ಹುಡುಗಿಗೆ ಈ ಕಾಲೇಜೊಂದೇ ಆಸೆ. ಬೇರೆ ಕಡೆ ಸಿಕ್ಕಿದರೂ ಓದಿಸುವ ತಾಕತ್ತು ತಮ್ಮನಿಗಿಲ್ಲ. ಇಲ್ಲಿ ಸೀಟು ಸಿಕ್ಕರೆ ಓದು, ಊಟ, ವಸತಿ ಎಲ್ಲ ಕಾಲೇಜಿನದೇ. ಸಿಗದಿದ್ದರೆ ಕಾರ್ಖಾನೆಯ ಪ್ಯಾಕಿಂಗ್ ವಿಭಾಗ. ಅಲ್ಲಿ ಅವಳ ಅಮ್ಮ ಆಗಲೇ ದುಡಿಯುತ್ತಿದ್ದಾಳೆ, ಅಂಗೈ ತುಂಬ ಗಾಜಿನ ಗೀರು.

ದೊಡ್ಡ ಪರೀಕ್ಷೆಯಲ್ಲಿ ಚೂಟಿಗೆ ಬಂದದ್ದು ಏಳುನೂರ ನಲವತ್ತು. ಕಾಲೇಜಿನ ಮಾಹಿತಿ ಪುಸ್ತಕದಲ್ಲಿ, ನಮ್ಮಲ್ಲಿ ಸೇರಿದವರ ಸರಾಸರಿ ಎಂಟುನೂರ ಎಂಬತ್ತು ಎಂದು ಅಚ್ಚಾಗಿತ್ತು. ತಮ್ಮ ಅದನ್ನು ಹಿಡಿದುಕೊಂಡು ಬಸ್ ಸ್ಟಾಪಿನ ಪಕ್ಕದ ಕೋಚಿಂಗ್ ಮೇಷ್ಟ್ರ ಹತ್ತಿರ ಹೋದ. ಆ ಮಹಾನುಭಾವ, 'ಸರಾಸರಿಗಿಂತ ಕೆಳಗಿದೆ. ಕಳಿಸಿದ್ರೆ ನೀವೇ ನಿಮ್ಮ ಗುಂಡಿ ತೋಡ್ಕೊಂಡ ಹಾಗೆ. ಬಾಯಿ ಮುಚ್ಕೊಂಡಿರಿ' ಎಂದನಂತೆ. ತಮ್ಮ ಬಾಯಿ ಮುಚ್ಚಿಕೊಂಡ, ಅಂಕ ಕಳಿಸಬೇಡ ಎಂದು ಚೂಟಿಗೂ ಹೇಳಿದ. ಅದು ನಾನು ಕೆಲಸಕ್ಕೆ ಸೇರುವ ಮುಂಚಿನ ಮಾತು. ಆಗ ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಕಂಡದ್ದು ಕೆಲಸಕ್ಕೆ ಸೇರಿದ ಮೇಲೆ, ಒಂದು ಬುಧವಾರ. ಗಣಿ ಹತ್ತಿರದ ಒಂದು ಸಣ್ಣ ಶಾಲೆಯ ಹುಡುಗಿಯ ಅರ್ಜಿ ಬಂತು. ತರಗತಿಯಲ್ಲಿ ನೂರಕ್ಕೆ ನೂರು. ದೊಡ್ಡ ಪರೀಕ್ಷೆ? 'ಇಲ್ಲ' ಎಂದು ಓದಿದೆ. ಪ್ರಬಂಧ ಚೆನ್ನಾಗಿತ್ತು, ಕೊನೆಯ ಪುಟವನ್ನು ಕನ್ನಡಕ ಎರಡು ಸಲ ಓದಿದ. ಆದರೂ ಅವನು ತಲೆ ಕೆರೆದುಕೊಂಡ.

'ಏನ್ ಮಾಡೋದು ಟೀಚರ್? ಆ ಶಾಲೇಲಿ ನೂರಕ್ಕೆ ನೂರು ಅಂದ್ರೆ ಏನು ಅಂತ ನಮಗೆ ಗೊತ್ತಿಲ್ಲ. ಎಲ್ಲರಿಗೂ ಕೊಡ್ತಾರೋ, ಇವಳೊಬ್ಬಳಿಗೋ? ಹಿಡ್ಕೊಳ್ಳೋಕೆ ಒಂದು ಸಂಖ್ಯೆ ಇದ್ದಿದ್ರೆ...'

'ಕಳಿಸ್ದೇ ಇದ್ರೆ ತಪ್ಪು ಅಂತ ಎಣಿಸಬಾರದು ಅಂತ ನಿಯಮ ಇದೆಯಲ್ಲಪ್ಪ' ಎಂದೆ ನಾನು, ಸ್ವಲ್ಪ ಗಡುಸಾಗಿಯೇ.

'ತಪ್ಪು ಅಂತ ಎಣಿಸ್ತಿಲ್ಲ ಟೀಚರ್. ಆದರೆ ಇಲ್ಲದೇ ಇರೋದನ್ನ ಸರಿ ಅಂತಾನೂ ಹೇಗೆ ಎಣಿಸ್ಲಿ?'

ಅರ್ಜಿ 'ಬೇಡ'ಕ್ಕೆ ಹೋಯಿತು. ಅದೇ ಮಧ್ಯಾಹ್ನ ಅಂಥದ್ದೇ ಇನ್ನೊಂದು ಶಾಲೆಯ ಹುಡುಗನ ಅರ್ಜಿ. ದೊಡ್ಡ ಪರೀಕ್ಷೆಯಲ್ಲಿ ಆರುನೂರ ತೊಂಬತ್ತು. ನಾನು ಓದುವಾಗಲೇ, ಇದೂ ಹೋಯಿತು ಎಂದುಕೊಂಡೆ. ಆಗ ವಿಭಾಗದ ಮುಖ್ಯಸ್ಥೆ, ನಾವೆಲ್ಲ ದೊಡ್ಡ ಮೇಡಂ ಎನ್ನುವವರು, ನಮ್ಮ ಮೇಜಿನ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು.

'ಅವನ ಶಾಲೇಲಿ ಉಳಿದವರದ್ದು ಎಷ್ಟಿದೆ ನೋಡಿ' ಎಂದರು.

ನೋಡಿದೆ. ಸರಾಸರಿ ನಾನೂರ ಎಂಬತ್ತು.

'ಎಲ್ಲರೂ ನಾನೂರ ಎಂಬತ್ತಲ್ಲಿ ನಿಂತಿರೋ ಕಡೆ ಈ ಹುಡುಗ ಆರುನೂರ ತೊಂಬತ್ತಕ್ಕೆ ಹತ್ತಿದಾನೆ. ಟ್ಯೂಷನ್ ಇಲ್ಲ, ಏನಿಲ್ಲ. ಇವನನ್ನ ಬಿಡೋದುಂಟಾ?'

ಅರ್ಜಿ ಮುಂದಕ್ಕೆ ಹೋಯಿತು. ನನಗೆ ಚೂಟಿಯ ನೆನಪಾಯಿತು. ಇವರು ಚೂಟಿಯ ಏಳುನೂರ ನಲವತ್ತನ್ನು ಎಂಟುನೂರ ಎಂಬತ್ತರ ಪಕ್ಕದಲ್ಲಿಟ್ಟು ನೋಡುವುದಿಲ್ಲ! ಅವಳ ಪಕ್ಕದ ಬೆಂಚಿನವರ ಪಕ್ಕದಲ್ಲಿಟ್ಟು ನೋಡುತ್ತಾರೆ. ಆ ಶಾಲೆಯ ಮಕ್ಕಳದು ಐನೂರು ದಾಟುವುದೇ ಅಪರೂಪ ಎಂದು ನನಗೆ ಗೊತ್ತು. ಅವಳನ್ನು ಮೇಲಕ್ಕೆ ಎತ್ತಬಲ್ಲ ಒಂದೇ ಒಂದು ಸಂಖ್ಯೆಯನ್ನು ನಮ್ಮ ಮನೆಯವರೇ ಹೂತಿಟ್ಟಿದ್ದಾರೆ. ಬೇರೆ ಯಾವುದೋ ಮೇಜಿನಲ್ಲಿ ಯಾರೋ 'ಇಲ್ಲ' ಎಂದು ಓದುತ್ತಾರೆ, ಎದುರಿಗಿದ್ದವರು ತಲೆ ಕೆರೆದುಕೊಳ್ಳುತ್ತಾರೆ, ಮುಗಿಯಿತು.

ಬಿಟ್ಟುಹೋದ ದಾಖಲೆ ಕಳಿಸಲು ಆ ವಾರದ ಕೊನೆಯವರೆಗೆ ಅವಕಾಶವಿತ್ತು. ಒಂದು ಮಾತು ಹೇಳಿದರೆ ಸಾಕು, 'ಕಳಿಸಿ' ಅಂತ. ಆದರೆ ಆ ಒಂದು ಮಾತಿಗೆ ಅರ್ಜಿಯೇ ಹೋಗುತ್ತದೆ. ಹೇಳಿದರೂ ಕೆಟ್ಟೆ, ಹೇಳದಿದ್ದರೂ ಕೆಟ್ಟೆ. ಫೋನು ಕೈಗೆತ್ತಿಕೊಳ್ಳುವುದು, ಇಡುವುದು. ಕಾರಿಡಾರಿನಲ್ಲಿ ಯಾರಾದರೂ ಸುಮ್ಮನೆ ಕೆಮ್ಮಿದರೂ ನನ್ನನ್ನೇ ಗಮನಿಸುತ್ತಿದ್ದಾರೇನೋ ಎಂದು ತಿರುಗಿ ನೋಡುತ್ತಿದ್ದೆ. ಕಾಪಿ ಹೊಡೆಯುವ ಮಕ್ಕಳ ಮುಖ ಎಷ್ಟು ನೋಡಿಲ್ಲ ನಾನು! ಕನ್ನಡಿಯಲ್ಲಿ ಈಗ ಅದೇ ಮುಖ ಕಾಣಿಸಿತು.

ಕೊನೆಗೆ ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ತಮ್ಮ ಕೆಲಸ ಮಾಡುತ್ತಿದ್ದ ಕಟ್ಟಡಕ್ಕೆ ಹೋದೆ. ಹೊಸ ಆಫೀಸು ಕಟ್ಟಡ, ಲಿಫ್ಟು ಇನ್ನೂ ಶುರುವಾಗಿರಲಿಲ್ಲ. ಮೆಟ್ಟಿಲು ಹತ್ತಿ ಹತ್ತಿ ತುದಿಯಲ್ಲಿದ್ದ ಲಿಫ್ಟಿನ ಮೆಷಿನ್ ರೂಮು ತಲುಪುವಷ್ಟರಲ್ಲಿ ಏದುಸಿರು. ಒಳಗೆ ಗ್ರೀಸಿನ ವಾಸನೆ. ತಮ್ಮ ಮೊಣಕಾಲೂರಿ ಬ್ರೇಕಿನ ನಟ್ಟು ಬಿಗಿಯುತ್ತಿದ್ದ. ಅವನಿಗೆ ಬುತ್ತಿ ತಂದಿದ್ದ ಚೂಟಿ ಮೂಲೆಯಲ್ಲಿ ಸಲಕರಣೆಯ ಪೆಟ್ಟಿಗೆಯ ಮೇಲೆ ಕೂತಿದ್ದಳು.

'ಏನಕ್ಕ ಇಲ್ಲಿಗೆ ಬಂದ್ಬಿಟ್ಟೆ? ಮುಖ ಯಾಕೆ ಹಿಂಗೆ ಬಿಳಚ್ಕೊಂಡಿದೆ?'

'ಮೆಟ್ಟಿಲು ಕಣೋ. ಲಿಫ್ಟ್ ರಿಪೇರಿಯವನ ಅಕ್ಕ ಮೆಟ್ಟಿಲು ಹತ್ತಿ ಸಾಯ್ಬೇಕು ನೋಡು.'

ಅವನು ನಕ್ಕ. ಚೂಟಿ ನಗಲಿಲ್ಲ. ನಾನು ಗೋಡೆಗೆ ಒರಗಿ ನಿಂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತು ತೆಗೆದೆ.

'ಅಲ್ವೋ, ಒಂದು ಕೇಳ್ತೀನಿ. ಲಿಫ್ಟ್ ಒಳಗೆ ಬೋರ್ಡ್ ಹಾಕ್ತೀರಲ್ಲ, ಇಷ್ಟು ಜನ, ಇಷ್ಟು ಕೆ.ಜಿ. ಅಂತ. ನೀನು ಕಬ್ಬಿಣದ ತೂಕ ಎಲ್ಲ ಇಟ್ಟು ಪರೀಕ್ಷೆ ಮಾಡಿದೀಯ, ಲಿಫ್ಟ್ ಚೆನ್ನಾಗೇ ಎತ್ತಿದೆ. ಆದ್ರೆ ಬೋರ್ಡ್ ಹಾಕಿಲ್ಲ. ಇನ್ಸ್‌ಪೆಕ್ಟರ್ ಬಂದ್ರೆ ಏನಂತಾನೆ?'

'ಏನಂತಾನೆ? ಬೀಗ ಹಾಕಿ ಹೋಗ್ತಾನೆ.'

'ಯಾಕೆ? ಅದು ಎತ್ತುತ್ತಲ್ಲ?'

'ಎತ್ತುತ್ತೆ ಅಂತ ನನಗೆ ಗೊತ್ತು, ಅವನಿಗೇನು ಗೊತ್ತು? ಬೋರ್ಡ್ ಇಲ್ಲ ಅಂದ್ರೆ ಪರೀಕ್ಷೆನೇ ಆಗಿಲ್ಲ ಅಂತ ಲೆಕ್ಕ.'

'ಪಕ್ಕದ ದೊಡ್ಡ ಕಟ್ಟಡದಲ್ಲಿ ಇಪ್ಪತ್ತು ಜನರ ಲಿಫ್ಟ್ ಇದೆ, ನಂದು ಎಂಟೇ ಜನರದ್ದು ಅಂತ ನಾಚ್ಕೊಂಡು ಬೋರ್ಡ್ ಬಚ್ಚಿಟ್ರೆ?'

ತಮ್ಮ ಸ್ಪ್ಯಾನರ್ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದ. 'ಅಕ್ಕ, ನಿವೃತ್ತಿ ಆದ್ಮೇಲೆ ನಿನಗೆ ಹೊತ್ತು ಹೋಗ್ತಿಲ್ಲ ಅಂತ ಕಾಣುತ್ತೆ. ಆರು ಮಹಡಿ ಕಟ್ಟಡಕ್ಕೆ ಎಂಟು ಜನರ ಲಿಫ್ಟ್ ಅಂದ್ರೆ ಭೇಷಾಯ್ತು. ಅದನ್ನ ಯಾವ ಮುಠ್ಠಾಳ ಬಚ್ಚಿಡ್ತಾನೆ?'

ನೀನೇ ಕಣೋ ಮುಠ್ಠಾಳ ಎಂದು ಕಿರುಚಬೇಕೆನಿಸಿತು. ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ ನನಗೆ ಅಭ್ಯಾಸವಿಲ್ಲ. ಇನ್ನೂ ಸ್ವಲ್ಪ ಬಿಡಿಸಿ ಹೇಳೋಣ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಚೂಟಿ ಎದ್ದು ಬಂದು ನನ್ನ ಮುಂಗೈ ಹಿಡಿದಳು. ಅವಳ ಬೆರಳು ತಣ್ಣಗಿದ್ದವು.

'ಅತ್ತೆ, ಸಾಕು. ಮುಂದೆ ಹೇಳ್ಬೇಡಿ' ಎಂದಳು, ಅವಳಪ್ಪನಿಗೆ ಕೇಳಿಸದ ಹಾಗೆ.

ಅವಳಿಗೆ ಅರ್ಥವಾಗಿತ್ತು. ಕಳಿಸುತ್ತಾಳೆ, ಇನ್ನೂ ಹೊತ್ತಿದೆ, ಎಂದುಕೊಂಡೆ. ಮೆಟ್ಟಿಲು ಇಳಿಯುವಾಗ ಮೊದಲು ಸಮಾಧಾನವಾಯಿತು. ಎರಡು ಮಹಡಿ ಇಳಿಯುವಷ್ಟರಲ್ಲಿ ಸಮಾಧಾನವೆಲ್ಲ ಇಳಿದುಹೋಗಿ ಭಯ ಹತ್ತಿತು. ನಾನು ಏನು ಮಾಡಿಬಿಟ್ಟೆ? ತಮ್ಮನ ಬಾಯಿ ನಿಲ್ಲುವುದಿಲ್ಲ. 'ನಮ್ಮಕ್ಕ ಬಂದು ಲಿಫ್ಟ್ ಬೋರ್ಡಿನ ಬಗ್ಗೆ ಏನೇನೋ ಕೇಳಿದ್ಲು' ಎಂದು ಯಾರ ಮುಂದಾದರೂ ನಗಾಡಿದರೆ, ಕೇಳಿದವರಲ್ಲಿ ಒಬ್ಬರಿಗಾದರೂ ಬುದ್ಧಿ ಇರುವುದಿಲ್ಲವೇ?

ಆಮೇಲಿನ ವಾರಗಳನ್ನು ಹೇಗೆ ಕಳೆದೆನೋ ದೇವರಿಗೇ ಗೊತ್ತು. ತಮ್ಮನ ಮನೆಗೆ ಕಾಲಿಡಲಿಲ್ಲ. ಚೂಟಿಯ ಫೋನು ಬಂದರೆ ಎತ್ತಲಿಲ್ಲ. ಒಂದು ದಿನ ದೊಡ್ಡ ಮೇಡಂ ನನ್ನನ್ನು ಅವರ ಕೋಣೆಗೆ ಕರೆಸಿದರು. ಬಾಗಿಲು ಹಾಕಿ ಎಂದರು. ಹಾಕಿ ಬಂದು ಎದುರಿಗೆ ಕೂತೆ.

'ನಿಮ್ಮ ತಮ್ಮನ ಮಗಳ ಅರ್ಜಿ ಕೊನೆಯ ಸುತ್ತಿಗೆ ಬಂದಿದೆ. ಹಾಗೆ ಬಂದಾಗ ಬಂಧುಗಳನ್ನ ಒಂದು ಪ್ರಶ್ನೆ ಕೇಳೋದು ಪದ್ಧತಿ. ಎಲ್ಲರನ್ನೂ ಕೇಳ್ತೀವಿ, ಬೇಜಾರ್ ಮಾಡ್ಕೋಬೇಡಿ. ಅರ್ಜಿ ವಿಷಯ ಅವಳ ಹತ್ರ ಏನಾದ್ರೂ ಮಾತಾಡಿದ್ರಾ?'

'ಇಲ್ಲ' ಎಂಬುದು ನಾನು ದಿನವಿಡೀ ಓದುತ್ತಿದ್ದ ಪದ. ನಾಲಿಗೆಯ ತುದಿಗೆ ಬಂದು ನಿಂತಿತು. ಒಂದು ಸುಳ್ಳು ಹೇಳಿದರೆ ಹುಡುಗಿ ದಡ ಸೇರುತ್ತಾಳೆ. ಆದರೆ ಸೇರಿದ ಮೇಲೆ? ಎರಡನೇ ವರ್ಷದಲ್ಲೋ ಮೂರನೇ ವರ್ಷದಲ್ಲೋ ತಮ್ಮನ ಬಾಯಿಂದ ಹೊರಬಿದ್ದು, ಹಾಸಿಗೆ ಸುತ್ತಿಕೊಂಡು ಹಾಸ್ಟೆಲಿನಿಂದ ಹೊರಗೆ ಬರುವ ಚೂಟಿ ಕಣ್ಣೆದುರು ಬಂದಳು. ನನ್ನಿಂದಾಗಿ ಓದು ಮುಗಿಯುವವರೆಗೂ ಅವಳು ಹೆದರಿಕೊಂಡೇ ಇರಬೇಕಾ?

'ಮಾತಾಡಿದೆ ಮೇಡಂ' ಎಂದೆ.

ಲಿಫ್ಟು, ಬೋರ್ಡು, ಇನ್ಸ್‌ಪೆಕ್ಟರ್ ಎಲ್ಲ ಹೇಳಿದೆ. ಮೇಡಂ ಒಂದು ಸಲವೂ ತಡೆಯಲಿಲ್ಲ. ಮುಗಿದ ಮೇಲೆ ಕಂಪ್ಯೂಟರಿನ ಕಡೆ ತಿರುಗಿ ಏನೋ ಒತ್ತಿದರು. ಬಹಳ ಹೊತ್ತು ನೋಡಿದರು. ತೆಗೆದುಹಾಕುತ್ತಿದ್ದಾರೆ, ನನ್ನ ಕಣ್ಣೆದುರಿಗೇ ಅಳಿಸುತ್ತಿದ್ದಾರೆ ಎಂದುಕೊಂಡು ಕುರ್ಚಿಯ ಕೈ ಹಿಡಿದುಕೊಂಡೆ.

'ನೀವು ಲಿಫ್ಟ್ ಕತೆ ಹೇಳಿದ್ದು ಯಾವಾಗ?'

'ಕಡೇ ದಿನಾಂಕದ ವಾರ, ಶುಕ್ರವಾರ.'

'ಈ ಹುಡುಗಿಯ ಅಂಕ ನಮಗೆ ಬಂದಿದ್ದು ದೊಡ್ಡ ಪರೀಕ್ಷೆಯ ಫಲಿತಾಂಶ ಬಂದ ವಾರವೇ. ಆಗ ನೀವಿನ್ನೂ ಇಲ್ಲಿ ಕೆಲಸಕ್ಕೇ ಸೇರಿರಲಿಲ್ಲ.'

ಮೇಡಂ ಮುಖದಲ್ಲಿ ಮರುಕವೂ ಇತ್ತು, ಸಿಟ್ಟೂ ಇತ್ತು.

'ಅವಳು ನಿಮಗೆ ಕಾಯಲೇ ಇಲ್ಲ ಟೀಚರ್. ಅಂಕ ಸರಿಯಾಗಿ ಬಂದು ಕೂತಿತ್ತು, ಅರ್ಜಿ ತನ್ನ ಪಾಡಿಗೆ ಮೇಲೆ ಬರ್ತಿತ್ತು. ಅದಕ್ಕೆ ಕಲ್ಲು ಹಾಕೋಕೆ ಹೋಗಿದ್ದು ನೀವು. ಸಹಾಯ ಸಿಕ್ಕಿಲ್ಲ ಅನ್ನೋದು ತಾರೀಖಿನಲ್ಲೇ ಇದೆ, ನಾನು ಅದನ್ನೇ ಸಮಿತಿ ಮುಂದೆ ಇಡ್ತೀನಿ. ಒಪ್ತಾರೋ ಬಿಡ್ತಾರೋ, ನನ್ನೊಬ್ಬಳ ಕೈಲಿಲ್ಲ. ನೀವು ನಾಳೆಯಿಂದ ಬರೋದು ಬೇಡ.'

ಗುರುತಿನ ಚೀಟಿಯನ್ನು ಕತ್ತಿನಿಂದ ತೆಗೆದು ಮೇಜಿನ ಮೇಲಿಟ್ಟೆ. ಹೊರಗೆ ಬರುವಾಗ ಕನ್ನಡಕ ಎದ್ದು ನಿಂತು, 'ಏನಾಯ್ತು ಟೀಚರ್?' ಎಂದ. 'ಫೇಲಾದೆ ಕಣಪ್ಪ' ಎಂದೆ. ತಮಾಷೆ ಎಂದುಕೊಂಡು ನಕ್ಕ, ಪಾಪ.

ಕೆಲಸ ಹೋದದ್ದಕ್ಕೆ ಅಳಲಿಲ್ಲ. ಆದರೆ ಸೀಟಿನ ಫಲಿತಾಂಶ ಬರುವವರೆಗೆ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತಿದ್ದೆ. ನಾನು ಏನೂ ಮಾಡದೆ ಮನೆಯಲ್ಲಿ ಕೂತಿದ್ದರೆ ಗೆದ್ದುಬಿಡುತ್ತಿದ್ದ ಹುಡುಗಿ, ಅತ್ತೆಯ ಅತಿಬುದ್ಧಿಯಿಂದ ಸೋಲಬೇಕೇ? ಹಾಗೇನಾದರೂ ಆದರೆ ಅವಳ ಮುಖ ನೋಡುವುದು ಹೇಗೆ?

ಫಲಿತಾಂಶದ ದಿನ ತಮ್ಮನೇ ಬಂದು ಎಳೆದುಕೊಂಡು ಹೋದ. 'ಅತ್ತೆ ಬರದೇ ಫೋನ್ ನೋಡಲ್ಲ ಅಂತಾಳೆ. ಇಷ್ಟು ದಿನ ನೀನು ಎಲ್ಲಿ ಸತ್ತಿದ್ದೆ?' ಎಂದ. ಅವನ ಮನೆಯ ಅಡುಗೆಮನೆಯಲ್ಲಿ ನಾವು ನಾಲ್ವರೂ ನಿಂತೆವು. ಯಾರಿಗೂ ಕೂರಲು ಆಗಲಿಲ್ಲ. ಚೂಟಿ ಫೋನು ತೆರೆದಳು. ನಾನು ಕಣ್ಣು ಮುಚ್ಚಿಕೊಂಡೆ.

'ಸಿಕ್ತು' ಎಂದಳು, ಸಣ್ಣ ದನಿಯಲ್ಲಿ.

ಅವಳಮ್ಮ ಗೀರುಬಿದ್ದ ಅಂಗೈಯಲ್ಲೇ ಬಾಯಿ ಮುಚ್ಚಿಕೊಂಡು ಅತ್ತಳು. ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ತಮ್ಮ ಮಾತ್ರ ತೊಡೆ ತಟ್ಟಿ ಕುಣಿದ.

'ನೋಡ್ದಾ ಅಕ್ಕ! ಕೋಚಿಂಗ್ ಮೇಷ್ಟ್ರು ಹೇಳಿದ್ದು ಕೇಳಿದ್ದಕ್ಕೆ ಬಚಾವಾದ್ವಿ. ಆ ಏಳುನೂರ ನಲವತ್ತು ಕಳಿಸಿದ್ದಿದ್ರೆ ಮುಗೀತಿತ್ತು ಕತೆ. ಕೆಳಗಿನ ಮನೆ ಹುಡುಗಿಗೂ ಹೇಳ್ತೀನಿ, ಬಚ್ಚಿಡು ಅಂತ.'

'ಹೇಳ್ಬೇಡಿ ಅಪ್ಪ' ಎಂದಳು ಚೂಟಿ. 'ನಾನು ಕಳಿಸಿದ್ದೆ. ರಿಸಲ್ಟ್ ಬಂದ ದಿನಾನೇ.'

ತಮ್ಮನ ಕುಣಿತ ನಿಂತಿತು. 'ಅಷ್ಟು ಕಡಿಮೆ ಬಂದಿದ್ದನ್ನಾ? ನಿನಗೆ ಹೆದರಿಕೆ ಆಗ್ಲಿಲ್ವೇನೇ?'

'ಆಯ್ತು. ಇಷ್ಟು ದಿನಾನೂ ನಿದ್ದೆ ಬಂದಿಲ್ಲ. ಕಳಿಸಿ ಕೆಟ್ಟೆ ಅಂತ ದಿನಾ ಅನ್ನಿಸ್ತಿತ್ತು. ಅತ್ತೆ ಮೆಷಿನ್ ರೂಮಿಗೆ ಬಂದು ಲಿಫ್ಟ್ ಮಾತು ಎತ್ತಿದಾಗ ಇನ್ನೂ ಜಾಸ್ತಿ ಆಯ್ತು, ಇವರು ಬಾಯಿ ಬಿಟ್ರೆ ಎಲ್ಲಾ ಹೋಗುತ್ತಲ್ಲ ಅಂತ.' ನನ್ನ ಕಡೆ ನೋಡಿ ಮುಗುಳ್ನಕ್ಕಳು. ಕಣ್ಣು ತುಂಬಿತ್ತು. 'ಆದ್ರೂ ಅದು ನಂದು ಅಪ್ಪ. ನಾನು ಕೂತು ಬರೆದಿದ್ದು. ಬಚ್ಚಿಡೋಕೆ ನಾನೇನು ಕದ್ಕೊಂಡು ಬಂದಿದ್ನಾ?'

ತಮ್ಮ ಅವಳನ್ನು ನೋಡಿದ, ಆಮೇಲೆ ನೆಲದ ಮೇಲೆ ಕೂತಿದ್ದ ನನ್ನನ್ನು ನೋಡಿದ. ಲಿಫ್ಟಿನ ಮಾತು ಈಗ ಅವನ ತಲೆಗೆ ಹತ್ತುತ್ತಿದ್ದದ್ದು ಮುಖದಲ್ಲೇ ಕಂಡಿತು.

'ಅಂದ್ರೆ ಆವತ್ತು ಆ ಬೋರ್ಡ್ ಬಚ್ಚಿಡೋ ಮುಠ್ಠಾಳ...' ಎಂದ.

'ನೀನೊಬ್ಬನೇ ಅಲ್ಲ ಕಣೋ' ಎಂದೆ ನಾನು. ಚೂಟಿ ಬಗ್ಗಿ ನನ್ನ ಎರಡೂ ಕೈ ಹಿಡಿದು ಮೇಲಕ್ಕೆ ಎಬ್ಬಿಸಿದಳು.